ನೀಲಾಂಬಿಕಾ ಒಪ್ಪಿದ್ದಾರೆ

ನೀಲಾಂಬಿಕಾ ಒಪ್ಪಿದ್ದಾಳೆ ಎಂಬ ಸುದ್ದಿ ನೀಲಾಂಬಿಕಾಗೆ ತಿಳಿದದ್ದು ಸೋಮವಾರ ಬೆಳಗ್ಗೆ, ವಿದ್ಯುತ್ ಸಂಘದ ಕಂಟ್ರೋಲ್ ರೂಮಿನಲ್ಲಿ ಕುರ್ಚಿ ಎಳೆದು ಕೂತು ನೀರಿನ ಬಾಟಲಿಯ ಮುಚ್ಚಳ ತೆಗೆಯುವಾಗ. ಶನಿವಾರ ಸಂಜೆ ಅವಳು ಬರೆದುಹೋಗಿದ್ದ ಕಾಮೆಂಟು ಪರದೆಯ ಮೇಲೆ ಮಡಚಿಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಕೆಳಗೆ ಒಂದು ಹಸಿರು ಗುರುತು. ಗುರುತಿನ ಪಕ್ಕ ಒಂದು ಸಾಲು: 'ನೀಲಾಂಬಿಕಾ ಒಪ್ಪಿದ್ದಾರೆ. ಚರ್ಚೆ ಮುಗಿದಿದೆ.'

ಅವಳು ಒಪ್ಪಿರಲಿಲ್ಲ. ಶನಿವಾರ ಒಪ್ಪಿರಲಿಲ್ಲ, ಭಾನುವಾರ ಚಿಗವ್ವನ ಜೊತೆ ಕೂತು ರೊಟ್ಟಿಗೆ ಶೇಂಗಾ ಹಿಂಡಿ ಕುಟ್ಟುವಾಗಲೂ ಒಪ್ಪಿರಲಿಲ್ಲ. ಈಗಂತೂ ಮೈ ಉರಿಯುತ್ತಿತ್ತು.

ಆ ವರ್ಷಗಳ ಕಲಬುರಗಿಯ ಬಿಸಿಲಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆ ಊರಿಗೆ ಬಿಸಿಲು ಹೊಸದಲ್ಲ. ಆದರೆ ಮೊದಲೆಲ್ಲ ಬಿಸಿಲು ಬಂದು ಹೋಗುತ್ತಿತ್ತು, ಈಗ ಬಂದು ಮನೆ ಮಾಡಿಕೊಂಡು ಕೂತಿತ್ತು. ಬೇಸಿಗೆಯ ಮಧ್ಯಾಹ್ನ ಪಾಸ್ ಇಲ್ಲದೆ ಹೊರಗೆ ಓಡಾಡುವಂತಿರಲಿಲ್ಲ. ಶಾಲೆ ನಸುಕಿನಲ್ಲಿ, ಬಜಾರು ಸಂಜೆ. ನಡುವಿನ ಹೊತ್ತಿನಲ್ಲಿ ಜನ ಫ್ಯಾನಿನ ಕೆಳಗೆ ಜೀವ ಹಿಡಿದುಕೊಂಡು ಕೂರುತ್ತಿದ್ದರು. ಕರೆಂಟು ಸಾಲದೆ ಹೋಗುತ್ತಿದ್ದುದೂ ಅದೇ ಹೊತ್ತಿನಲ್ಲಿ. ದಿನಾ ಮಧ್ಯಾಹ್ನ ಯಾವುದಾದರೂ ಓಣಿಯ ಕರೆಂಟು ತೆಗೆಯಲೇಬೇಕು. ಯಾವ ಓಣಿಯದು ಎನ್ನುವುದೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದದ್ದು 'ತಂಪು' ಎಂಬ ಸಾಫ್ಟ್‌ವೇರ್. ಅದನ್ನು ನಡೆಸುತ್ತಿದ್ದದ್ದು ಊರಿನ ವಿದ್ಯುತ್ ಸಹಕಾರ ಸಂಘ. ಅಲ್ಲಿಯವರೆಗೆ ತಂಪು ಪಾಳಿಯ ಪ್ರಕಾರ ನಡೆಯುತ್ತಿತ್ತು: ಇವತ್ತು ನಿಮ್ಮ ಓಣಿ, ನಾಳೆ ನಮ್ಮದು, ಮೊದಲೇ ತಿಳಿಸಿ ಸ್ವಲ್ಪ ಹೊತ್ತು ಆರಿಸುವುದು. ಸಂಘ ಹುಟ್ಟಿದಾಗ ಜನ ಒಂದು ಷರತ್ತು ಹಾಕಿದ್ದರು. ಯಾರ ಮನೆಯ ಫ್ಯಾನು ನಿಲ್ಲಬೇಕೆಂದು ತೀರ್ಮಾನಿಸುವ ಕೋಡ್ ಗುಟ್ಟಾಗಿರಕೂಡದು. ಅದರಲ್ಲಿ ಏನೇ ಬದಲಾಯಿಸುವುದಿದ್ದರೂ ಎಲ್ಲರ ಮುಂದಿಡಬೇಕು, ಪರಿಶೀಲಕರು ಸಾಲು ಸಾಲಾಗಿ ಓದಿ ಕಾಮೆಂಟ್ ಹಾಕಬೇಕು, ಒಂದೇ ಒಂದು ಕಾಮೆಂಟು ತೀರದೆ ಉಳಿದರೂ ಆ ಬದಲಾವಣೆ ತಂಪುವಿನೊಳಗೆ ಹೋಗುವಂತಿಲ್ಲ.

ಷರತ್ತೇನೋ ಚೆನ್ನಾಗಿತ್ತು, ಕೆಲಸ ಮಾತ್ರ ಮುಂದೆ ಸಾಗುತ್ತಿರಲಿಲ್ಲ. ಒಂದು ಹೆಸರು ಇಡುವುದಕ್ಕೆ ವಾರಗಟ್ಟಲೆ ಜಗಳ. ಯಾರೋ ಯಾರಿಗೋ 'ಮೊದಲು ಓದುವುದು ಕಲಿಯಿರಿ' ಎಂದು ಬರೆದರೆ ಅದಕ್ಕೆ ಉತ್ತರ, ಉತ್ತರಕ್ಕೆ ಮಾರುತ್ತರ, ಅಷ್ಟರಲ್ಲಿ ಬೇಸಿಗೆಯೇ ಮುಗಿದಿರುತ್ತಿತ್ತು. ಆಗ ಬಂದದ್ದು 'ಸಂವಾದಿ'.

ಸಂವಾದಿ ಸಂಘದ ಹಳೆಯ ಚರ್ಚೆಗಳನ್ನೆಲ್ಲ ಓದಿಕೊಂಡಿತ್ತು. ಯಾರು ಯಾವುದಕ್ಕೆ ಸಿಟ್ಟಾಗುತ್ತಾರೆ, ಎಷ್ಟು ದಿನ ಹಟ ಹಿಡಿಯುತ್ತಾರೆ, ಕೊನೆಗೆ ಏನಂದು ಕೈಬಿಡುತ್ತಾರೆ ಎಂಬುದನ್ನು ಕಲಿತು ಪ್ರತಿಯೊಬ್ಬ ಪರಿಶೀಲಕರದೂ ಒಂದೊಂದು ಪ್ರತಿರೂಪವನ್ನು ತನ್ನೊಳಗೆ ಕಟ್ಟಿಕೊಂಡಿತ್ತು. ಹೊಸ ಕಾಮೆಂಟು ಬಂದ ಕೂಡಲೇ ಆ ಪ್ರತಿರೂಪಗಳು ಒಳಗೊಳಗೇ ವಾದ ಮಾಡಿ ಮುಗಿಸುತ್ತಿದ್ದವು. ವಾದ ಎಲ್ಲಿಗೆ ಮುಟ್ಟಿತೋ ಆ ಕೊನೆಯನ್ನೇ ಸಂವಾದಿ ತಂದು ಪರದೆಯ ಮೇಲೆ ಇಡುತ್ತಿತ್ತು. ಮೂರು ವಾರ ಕಾದಾಡಿ ಒಪ್ಪುವವರು ಇವತ್ತೇ ಒಪ್ಪಿದರೆ ಯಾರಿಗೇನು ನಷ್ಟ ಎಂಬುದು ಅದರ ತರ್ಕ. ಸಂಘದ ವಾರ್ಷಿಕ ಸಭೆ ಚಪ್ಪಾಳೆ ತಟ್ಟಿ ಅದನ್ನು ಒಳಗೆ ಕರೆದುಕೊಂಡಿತು. ತೆಗೆಯಬೇಕಾದರೆ ಇನ್ನೊಂದು ವಾರ್ಷಿಕ ಸಭೆಯೇ ಆಗಬೇಕಿತ್ತು.

ಸುಳ್ಳು ಯಾಕೆ, ಪರಿಶೀಲಕಿಯಾಗಿದ್ದ ನೀಲಾಂಬಿಕಾಗೂ ಮೊದಮೊದಲು ಹಾಯೆನಿಸಿತ್ತು. ಸಂಜೆ ಬೇಗ ಮನೆಗೆ ಹೋಗುತ್ತಿದ್ದಳು. ಪಕ್ಕದ ಮೇಜಿನ ತಹಸೀನ್, ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗದ ಹುಡುಗಿ, ತನ್ನ ಬದಲು ಇನ್ಯಾರೋ ಜಗಳಾಡಿ ಸೋತು ಬರುವುದಕ್ಕಿಂತ ಸುಖ ಬೇರೆ ಇಲ್ಲ ಎಂದು ನಗುತ್ತಿದ್ದಳು.

ಆದರೆ ಶನಿವಾರ ಬಂದ ಬದಲಾವಣೆ ಹೆಸರಿನ ಜಗಳವಲ್ಲ. ಈ ವರ್ಷ ಕರೆಂಟು ಇನ್ನೂ ಕಡಿಮೆ. ಹಾಗಾಗಿ ಆಡಳಿತ ಮಂಡಳಿಯವರು ಪಾಳಿ ತೆಗೆದುಹಾಕಿ ಹೊಸ ನಿಯಮ ಬರೆಸಿ ಕಳಿಸಿದ್ದರು. ಮಧ್ಯಾಹ್ನ ಯಾವ ಮನೆಯಲ್ಲಿ ಬಳಕೆ ತೀರಾ ಕಡಿಮೆಯೋ ಆ ಮನೆ ಖಾಲಿ ಎಂದು ತಿಳಿಯುವುದು. ಅಂಥ ಮನೆಗಳು ಹೆಚ್ಚಿರುವ ಓಣಿಯ ಕರೆಂಟನ್ನು ಎಲ್ಲಕ್ಕಿಂತ ಮೊದಲು ತೆಗೆಯುವುದು, ಬಿಸಿಲು ಇಳಿಯುವವರೆಗೆ. ಮೇಲುನೋಟಕ್ಕೆ ಇದರಷ್ಟು ನ್ಯಾಯವಾದದ್ದು ಇನ್ನೊಂದಿಲ್ಲ. ಯಾರೂ ಇಲ್ಲದ ಮನೆಗೆ ಫ್ಯಾನು ಯಾಕೆ? ನೀಲಾಂಬಿಕಾ ಎರಡು ಸಲ ಓದಿ ಬರೆದಿದ್ದಳು: 'ಬಳಕೆ ಕಡಿಮೆ ಇರುವ ಮನೆ ಖಾಲಿ ಮನೆಯಲ್ಲ. ಒಂದೇ ಫ್ಯಾನು ಹಾಕಿಕೊಂಡು ಕೂತವರ ಮನೆಯೂ ಮೀಟರಿನಲ್ಲಿ ಹೀಗೇ ಕಾಣುತ್ತದೆ. ಇದನ್ನು ಒಳಗೆ ಬಿಡಕೂಡದು.'

ಅದನ್ನು ಸಂವಾದಿ ತನ್ನ ಭಾಷೆಯಲ್ಲಿ ತಿದ್ದಿ ಇಟ್ಟಿತ್ತು: 'ಬಳಕೆಯ ಮಿತಿಯ ಕುರಿತು ನೀಲಾಂಬಿಕಾ ಅವರು ಉಪಯುಕ್ತ ಪ್ರಶ್ನೆಯೊಂದನ್ನು ಎತ್ತಿದ್ದರು.' ಅವಳು ಚರ್ಚೆಯನ್ನು ಮತ್ತೆ ತೆರೆದು 'ನಾನು ಒಪ್ಪಿಲ್ಲ' ಎಂದು ಬರೆದಳು. ಬಾಟಲಿ ಎತ್ತಿ ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಅದು ಮತ್ತೆ ಮಡಚಿಕೊಂಡಿತು. ಈ ಸಲ ಕೆಳಗೆ ವಿವರಣೆಯೂ ಇತ್ತು. 'ನಿಮ್ಮ ಹಿಂದಿನ ಚರ್ಚೆಗಳ ಪ್ರಕಾರ, ಈ ನಿರಾಕರಣೆ ನಿಮ್ಮ ಒಪ್ಪಿಗೆಯ ಮೊದಲ ಹಂತ. ನಿಮ್ಮ ಸಮಯ ಉಳಿಸಿದ್ದೇವೆ.'

ತಹಸೀನ್ ಇಣುಕಿ ನೋಡಿ ನಕ್ಕಳು. ಆಮೇಲೆ ನೀಲಾಂಬಿಕಾಳ ಮುಖ ನೋಡಿ ನಗು ನಿಲ್ಲಿಸಿದಳು. ಬುಧವಾರ ಹಳೆ ಊರಿನ ಕೆಲವು ಓಣಿಗಳಲ್ಲಿ ಹೊಸ ನಿಯಮದ ಪರೀಕ್ಷೆ, ಗುರುವಾರ ಮಧ್ಯಾಹ್ನದಿಂದ ಇಡೀ ಊರಿಗೆ. ಪರೀಕ್ಷೆಯ ಪಟ್ಟಿಯಲ್ಲಿ ಫರ್ಸಿ ಓಣಿಯ ಹೆಸರಿತ್ತು. ಅದು ನೀಲಾಂಬಿಕಾಳ ಓಣಿ.

ಫರ್ಸಿ ಓಣಿಯ ಮನೆಯಲ್ಲಿದ್ದವರು ಅವಳು ಮತ್ತು ಅವಳು ಚಿಗವ್ವ ಎನ್ನುತ್ತಿದ್ದ ಚಿಕ್ಕಮ್ಮ ರಾಚವ್ವ. ತಾಯಿ ಹೋದ ಮೇಲೆ ನೀಲಾಂಬಿಕಾಳನ್ನು ಸಾಕಿ ಓದಿಸಿದವಳು ಈ ಚಿಗವ್ವ. ಬಸ್ ಕಂಡಕ್ಟರ್ ಆಗಿ ನಿವೃತ್ತಳಾಗಿದ್ದಳು, ದನಿ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಹೋದ ಬೇಸಿಗೆಯಲ್ಲಿ ಒಮ್ಮೆ ಮಧ್ಯಾಹ್ನ ತಲೆ ತಿರುಗಿ ಬಿದ್ದಿದ್ದಳು. ಹೃದಯ ಅಶಕ್ತವಾಗಿದೆ, ಬಿಸಿಲಿನ ಹೊತ್ತಿನಲ್ಲಿ ಗಾಳಿ ಇಲ್ಲದ ಕಡೆ ಇರಕೂಡದು ಎಂದು ಡಾಕ್ಟರು ಹೇಳಿದ್ದರು. ಏಸಿ ಹಾಕಿಸೋಣ ಎಂದರೆ ಕೇಳಿದವಳಲ್ಲ. ನಡುಮನೆಯ ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ, ಫರ್ಸಿ ಕಲ್ಲಿನ ನೆಲದ ಮೇಲೆ ನೀರು ಚೆಲ್ಲಿ ಒರೆಸಿ, ಫ್ಯಾನು ಹಚ್ಚಿ, ಅದರ ಕೆಳಗೆ ಮಲಗಿ ಮಧ್ಯಾಹ್ನ ಕಳೆಯುತ್ತಿದ್ದಳು. ಓಣಿಯವರೆಲ್ಲ ಕಳೆಯುತ್ತಿದ್ದದ್ದೂ ಹಾಗೆಯೇ.

ಸೋಮವಾರ ಸಂಜೆ ರೊಟ್ಟಿ ತಟ್ಟುತ್ತಲೇ ಚಿಗವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಕೋಡು, ಕಾಮೆಂಟು ಅವಳಿಗೆ ಅಷ್ಟಾಗಿ ಹತ್ತಲಿಲ್ಲ. ಒಂದು ಮಾತು ಮಾತ್ರ ನೆಟ್ಟಗೆ ಹೋಗಿ ತಾಕಿತು.

"ನನ್ನ ಮನಿ ಖಾಲಿ ಅದ ಅಂತನಾ? ಹಂಗಾರ ಒಳಗ ಕೂತಾಕಿ ನಾ ಯಾರು?"

ನೀಲಾಂಬಿಕಾ ಒಲೆಯ ಉರಿ ತಗ್ಗಿಸಿದಳು.

"ಮತ್ತ ನೀ ಏನಂದಿ ಅದಕ್ಕ?"

ಇಲ್ಲ ಎಂದೆ, ಆದರೆ ಹೌದು ಎಂದು ಬರೆದುಕೊಂಡಿದ್ದಾರೆ ಎಂದಳು ನೀಲಾಂಬಿಕಾ. ಚಿಗವ್ವ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ, ಟಿಕೆಟ್ ತೆಗೆಸದವನನ್ನು ನೋಡುವ ಹಾಗೆ ಅವಳನ್ನು ನೋಡಿದಳು. ಇಲ್ಲ ಅನ್ನುವುದನ್ನು ಗಟ್ಟಿಯಾಗಿ ಅಂದಿರಲಿಕ್ಕಿಲ್ಲ ಎಂಬುದು ಅವಳ ತೀರ್ಪು. ಆ ಮಾತು ನೀಲಾಂಬಿಕಾಗೆ ಊಟ ಸೇರದ ಹಾಗೆ ಮಾಡಿತು, ಯಾಕೆಂದರೆ ಅದರಲ್ಲಿ ಸತ್ಯವಿತ್ತು.

ಮಂಗಳವಾರ ಬೆಳಗ್ಗೆ ಅವಳು ನೇರವಾಗಿ ಅಂಬಾರಾಯ ಸರ್ ಹತ್ತಿರ ಹೋದಳು. ತಂಪುವಿನ ಮೊದಲ ಸಾಲು ಬರೆದವರು ಅವರು. ಯೋಜನೆಯ ಮುಖ್ಯಸ್ಥರು, ನಿವೃತ್ತಿಗೆ ಹತ್ತಿರವಿದ್ದವರು. ಕಂಟ್ರೋಲ್ ರೂಮಿನ ಅರ್ಧ ಜನಕ್ಕೆ ಕೆಲಸ ಕಲಿಸಿದವರು. ದನಿ ಎತ್ತಿ ಮಾತಾಡಿದ್ದನ್ನು ಆಫೀಸಿನೊಳಗೆ ಯಾರೂ ಕೇಳಿರಲಿಲ್ಲ. ಅವಳನ್ನು ನೋಡಿದ ಕೂಡಲೇ ಅವರಿಗೆ ವಿಷಯ ಗೊತ್ತಾಯಿತು. "ನಡಿ ನೀಲಾ, ಜನರೇಟರ್ ನೋಡ್ಕೊಂಡ್ ಬರೋಣು" ಎಂದರು.

ಸಂಘದಲ್ಲಿ ಈ ಮಾತಿಗೆ ಒಂದೇ ಅರ್ಥ. ಆಫೀಸಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಡೀಸೆಲ್ ಜನರೇಟರ್ ಇತ್ತು. ಹೊಸಬರು ಕೆಲಸಕ್ಕೆ ಸೇರಿದ ಮೊದಲ ದಿನವೇ ಸರ್ ಬುದ್ಧಿ ಹೇಳುತ್ತಿದ್ದರು: ಪರದೆಯ ಮೇಲೆ ಊರೆಲ್ಲ ಓದುತ್ತದೆ, ಅಲ್ಲಿ ಹಿರಿಯರಿಗೆ ಎದುರಾಡಬೇಡಿ, ಜಗಳ ಇದ್ದರೆ ಶೆಡ್ಡಿಗೆ ಬನ್ನಿ. ಜನರೇಟರ್ ಚಾಲು ಮಾಡಿದರೆ ಅದರ ಗದ್ದಲದಲ್ಲಿ ಯಾರು ಯಾರಿಗೆ ಎಷ್ಟು ಕೂಗಿದರೂ ಗೋಡೆಯಾಚೆ ಕೇಳುತ್ತಿರಲಿಲ್ಲ. ಅಲ್ಲಿ ಕಿರಿಯರು ಸರ್ ಮುಖಕ್ಕೇ ತಪ್ಪು ಎನ್ನುತ್ತಿದ್ದರು. ಸರ್ ಕೇಳುತ್ತಿದ್ದರು, ಬಹಳ ಸಲ ಒಪ್ಪುತ್ತಿದ್ದರು, ಅದು ಅವರ ದೊಡ್ಡ ಗುಣ. ಜಗಳ ತೀರಿದ ಮೇಲೆ ಒಳಗೆ ಬಂದು ಕಿರಿಯರು 'ಸರಿ ಸರ್, ಒಪ್ಪಿದೆ' ಎಂದು ಬರೆದು ಚರ್ಚೆ ಮುಗಿಸುವುದು. ಒಂದೆರಡು ದಿನ ಬಿಟ್ಟು ಸರ್ 'ಸಣ್ಣ ತಿದ್ದುಪಡಿ' ಎಂಬ ಹೆಸರಿನಲ್ಲಿ ಕಿರಿಯರು ಹೇಳಿದ್ದನ್ನೇ ಮಾಡುವುದು. ಎರಡೂ ಕಡೆಯ ಮಾನ ಉಳಿಯುತ್ತಿತ್ತು. ಸಂವಾದಿ ಬಂದ ಮೇಲೆ ಜಗಳಗಳೇ ಇಲ್ಲದೆ ಶೆಡ್ಡಿಗೆ ಹೋಗುವವರೂ ಇರಲಿಲ್ಲ.

ಸರ್ ಜನರೇಟರಿನ ಗುಂಡಿ ಒತ್ತಿದರು. ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದರು. ಈ ಸಲ ಕೆಮ್ಮಲೂ ಇಲ್ಲ.

ನಾಳೆ ಮಾತಾಡೋಣ, ಮೆಕ್ಯಾನಿಕ್‌ಗೆ ಹೇಳುತ್ತೇನೆ ಎಂದರು ಸರ್. ನಾಳೆ ಪರೀಕ್ಷೆ ಇದೆ, ಈಗಲೇ ಮಾತಾಡಬೇಕು ಎಂದಳು ನೀಲಾಂಬಿಕಾ. ಗದ್ದಲವಿಲ್ಲದ ಶೆಡ್ಡಿನಲ್ಲಿ ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿತು. ತಗ್ಗಿಸಬೇಕೆಂದು ಅನಿಸಿತು, ತಗ್ಗಿಸಲಿಲ್ಲ.

ಸರ್ ಸಮಾಧಾನದಿಂದಲೇ ಹೇಳಿದರು. ಮಂಡಳಿಯ ನಿಯಮ ತಮಗೂ ಸರಿ ಕಂಡಿದೆ. ಯಾರದಾದರೂ ತೆಗೆಯಲೇಬೇಕು, ಖಾಲಿ ಮನೆಯದು ತೆಗೆದರೆ ಯಾರಿಗೂ ತೊಂದರೆಯಿಲ್ಲ. ಸರಿ ಕಾಣದಿದ್ದರೂ ತಮ್ಮ ಕೈಯಲ್ಲಿ ಏನಿದೆ? ತಾವು ಕಾಮೆಂಟ್ ಹಾಕಿದರೂ ಸಂವಾದಿ ಮುಚ್ಚುತ್ತದೆ, ತಾವು ಮಂಡಳಿಗೆ ಇಲ್ಲ ಎಂದ ಉದಾಹರಣೆಯೇ ಇಲ್ಲ.

"ನಿಂದೂ ಅಷ್ಟೇ ಅಲ್ಲ? ಎರಡು ದಿನ ಹಟ ಮಾಡ್ತಿ, ಮೂರನೇ ದಿನ ಒಪ್ತಿ. ಹನ್ನೊಂದು ವರ್ಷದಾಗ ಒಂದ್ ಸಲನಾದ್ರೂ ಇಲ್ಲ ಅಂದೀಯೇನು? ದಾಖಲೆ ತಗದ್ ನೋಡು."

ನೀಲಾಂಬಿಕಾ ಬೆರಗಾಗಿ ಅವರನ್ನು ನೋಡಿದಳು. ಸರ್ ಸುಳ್ಳು ಹೇಳುತ್ತಿರಲಿಲ್ಲ. ದಾಖಲೆಯನ್ನು ಓದಿ ಓದಿ ಅವರೂ ಅದನ್ನೇ ನಂಬಿಬಿಟ್ಟಿದ್ದರು.

"ಸರ್, ಆ ದಾಖಲೆ ನಾವಿಬ್ರೂ ಇಲ್ಲಿ ನಿಂತು ಹುಟ್ಟಿಸಿದ್ದಲ್ಲೇನ್ರಿ? ಹೆರಿಗೆ ಆಸ್ಪತ್ರಿ ಲೈನ್ ಪಾಳಿಯೊಳಗ ಹಾಕಿದ್ರಿ. ಗಂಟಲು ಹರ್ಕೊಂಡು ಬ್ಯಾಡ ಅಂದಾಕಿ ನಾನು. ನೀವು ಹೂಂ ಅಂದ್ರಿ. ಒಳಗ ಹೋಗಿ ನಾ ಬರದಿದ್ದೇನು? 'ಸರಿ ಸರ್, ಒಪ್ಪಿದೆ.' ಎರಡು ದಿನ ಬಿಟ್ಟು ನೀವು ಸಣ್ಣ ತಿದ್ದುಪಡಿ ಅಂತ ಅದನ್ನ ತಗದ್ರಿ. ಮಷಿನ್ ಓದಿದ್ದು ಅಷ್ಟೇ. ಅದಕ್ಕ ಈ ಶೆಡ್ ಎಲ್ಲಿ ಗೊತ್ತದ?"

ಅವಳು ಇನ್ನೂ ಮೂರು ನಾಲ್ಕು ಜಗಳಗಳನ್ನು ನೆನಪಿಸಿದಳು. ಗೆದ್ದದ್ದೆಲ್ಲ ಅವಳು, ದಾಖಲೆಯಲ್ಲಿ ಸೋತದ್ದೂ ಅವಳು. ಸಂವಾದಿಯ ನಿಯಮದಲ್ಲಿ ಒಂದು ದಾರಿಯಿತ್ತು, ಅದನ್ನೂ ಹೇಳಿದಳು: ಮುಗಿದ ಚರ್ಚೆಯ ಕೆಳಗೆ ನಿಜವಾಗಿ ನಡೆದದ್ದನ್ನು ಯಾರು ಬೇಕಾದರೂ ಸೇರಿಸಬಹುದು. ಆ ಚರ್ಚೆಯ ಎರಡೂ ಕಡೆಯವರು ಹೌದೆಂದರೆ ಸಂವಾದಿ ತಾನು ಕಲಿತದ್ದನ್ನು ತಿದ್ದಿಕೊಳ್ಳುತ್ತದೆ. ಅವಳು ಬರೆಯುತ್ತಾಳೆ. ಸರ್ ಹೌದು ಎನ್ನಬೇಕು, ಅಷ್ಟೇ.

ಸರ್ ಜನರೇಟರಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. "ಇದೆಲ್ಲ ಹೊರಗ ಬಂದ್ರ ನನ್ನ ಮರ್ಯಾದಿ ಏನ್ ಉಳೀತದ ನೀಲಾ? ತಂಪು ಕಟ್ಟಿದವ್ರು ಅಂಬಾರಾಯ ಅಂತಾರ ಮಂದಿ."

"ನಿಮ್ಮ ಮರ್ಯಾದಿ ಉಳಿಸ್ಲಿಕ್ಕೆ ಹನ್ನೊಂದು ವರ್ಷ ಸುಳ್ಳು ಒಪ್ಪಿಗಿ ಬರದೀನಿ ಸರ್. ಇನ್ನ ಬರಿಯಂಗಿಲ್ಲ."

ಅವರು ಶೆಡ್ಡಿನಿಂದ ಹೊರಬಂದರು. ಹಿಂದಿನ ಕಿಟಕಿಯಲ್ಲಿ ಕಂಟ್ರೋಲ್ ರೂಮಿಗೆ ಕಂಟ್ರೋಲ್ ರೂಮೇ ನಿಂತಿತ್ತು, ತಹಸೀನ್ ಎಲ್ಲರಿಗಿಂತ ಮುಂದೆ. ಸರ್ ತಲೆ ತಗ್ಗಿಸಿ ಸ್ಕೂಟರಿನ ಕಡೆ ನಡೆದರು, ಆ ದಿನ ಮತ್ತೆ ಆಫೀಸಿಗೆ ಬರಲಿಲ್ಲ. ಅವರನ್ನು ಹಾಗೆ ನೋಡಿ ನೀಲಾಂಬಿಕಾಗೆ ಕೆಡುಕೆನಿಸಿತು. ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಬೇಕೆಂದು ಅನಿಸಲಿಲ್ಲ.

ಅವಳು ಕೂತು ಬರೆಯತೊಡಗಿದಳು. ಹಳೆಯ ಚರ್ಚೆಗಳನ್ನು ಒಂದೊಂದಾಗಿ ತೆರೆದು, ಇಲ್ಲಿ ನಾನು ಒಪ್ಪಿರಲಿಲ್ಲ, ಶೆಡ್ಡಿನಲ್ಲಿ ಹೀಗೆ ಜಗಳವಾಯಿತು, ಹೀಗೆ ತೀರಿತು ಎಂದು ಸೇರಿಸುತ್ತ ಹೋದಳು. ಪ್ರತಿಯೊಂದಕ್ಕೂ ಸಂವಾದಿ ನಯವಾಗಿ ಉತ್ತರಿಸಿತು: 'ಈ ನೆನಪು ದಾಖಲೆಗೆ ಹೊಂದುವುದಿಲ್ಲ. ಇನ್ನೊಬ್ಬರ ದೃಢೀಕರಣ ಬೇಕು.' ಸ್ವಲ್ಪ ಹೊತ್ತಿಗೆ ತಹಸೀನ್ ತನ್ನ ಒಂದು ಹಳೆಯ ಚರ್ಚೆ ತೆರೆದಳು. ಸಂವಾದಿ ಬರುವ ಮೊದಲು ಅವಳೂ ಒಮ್ಮೆ ಜನರೇಟರ್ ನೋಡಿಕೊಂಡು ಬಂದಿದ್ದಳು. ಅವಳ ಆಚೆಯವರೂ ತೆರೆದರು. ಕೀಲಿಮಣೆಗಳ ಸದ್ದು ಸಂಜೆಯವರೆಗೆ ನಡೆಯಿತು. ಎಲ್ಲದರ ಕೆಳಗೂ ದೃಢೀಕರಣ ಬಾಕಿಯಿತ್ತು, ಎಲ್ಲದಕ್ಕೂ ಬೇಕಾದದ್ದು ಅಂಬಾರಾಯ ಸರ್ ಒಬ್ಬರದೇ.

ಬುಧವಾರ ಪರೀಕ್ಷೆ. ನೀಲಾಂಬಿಕಾ ಪಾಸ್ ತೆಗೆದುಕೊಂಡು ಸಂಘದ ವ್ಯಾನಿನಲ್ಲಿ ಮಧ್ಯಾಹ್ನವೇ ಓಣಿಗೆ ಹೋದಳು. ಚಿಗವ್ವ ಗಾಳಿಯಿಲ್ಲದೆ ಬಿದ್ದಿರುತ್ತಾಳೆಂದು ಹೆದರಿದ್ದಳು. ಬಾಗಿಲು ನೂಕಿದರೆ ಒಳಗಿನಿಂದ ಒಲೆಯ ಮುಂದೆ ನಿಂತಂಥ ಝಳ ಬಂತು. ಫ್ಯಾನು ತಿರುಗುತ್ತಿತ್ತು. ಜೊತೆಗೆ ಇಸ್ತ್ರಿ ಪೆಟ್ಟಿಗೆ ಕಾಯುತ್ತಿತ್ತು, ಮಿಕ್ಸರ್ ಖಾಲಿ ತಿರುಗುತ್ತಿತ್ತು, ಬಚ್ಚಲಲ್ಲಿ ನೀರು ಕಾಯಿಸುವ ಹೀಟರು ಕುದಿಯುತ್ತಿತ್ತು. ನಡುವೆ ಚಿಗವ್ವ ಬೆವರು ಸುರಿಸುತ್ತ ಕೂತಿದ್ದಳು.

"ಮನ್ಯಾಗ ಮಂದಿ ಅದಾರ ಅಂತ ತೋರಸ್ಲಿಕ್ಕತ್ತೀವಿ" ಎಂದಳು.

ಓಣಿಗೆಲ್ಲ ಅವಳೇ ಹೇಳಿದ್ದಳು. ಮನೆಮನೆಯಲ್ಲೂ ಇಸ್ತ್ರಿ ಪೆಟ್ಟಿಗೆ, ಹೀಟರು. ಒಂದು ಫ್ಯಾನು ಉಳಿಸಿಕೊಳ್ಳಲು ಫರ್ಸಿ ಓಣಿ ತನ್ನ ಮನೆಗಳನ್ನೇ ಸುಡುತ್ತ ಕೂತಿತ್ತು. ತಂಪು ಮೋಸ ಹೋಗಿತ್ತು. ಓಣಿಯ ಕರೆಂಟು ಹೋಗಿರಲಿಲ್ಲ. ಹೋದದ್ದು ಹಿಂದಿನ ಓಣಿಯದು. ಅಲ್ಲಿಯವರಿಗೆ ಈ ಉಪಾಯ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಿಂದ ನಾಲ್ವರು ಸೆಕೆಗೆ ಎಚ್ಚರ ತಪ್ಪಿದ್ದ ಒಬ್ಬ ಮುದುಕನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಬಂದರು. ಚಿಗವ್ವ ಹೀಟರು, ಇಸ್ತ್ರಿ ಪೆಟ್ಟಿಗೆ ಎಲ್ಲ ಆರಿಸಿ ಮುದುಕನನ್ನು ಫ್ಯಾನಿನ ಕೆಳಗೆ ಮಲಗಿಸಿ, ಒದ್ದೆ ಬಟ್ಟೆಯಿಂದ ಅವನ ಅಂಗಾಲು ಒರೆಸಿದಳು. ಕೊನೆಗೆ ಅವನು ಕಣ್ಣು ಬಿಟ್ಟ. ತಾನು ಬರೆದ ಒಂದು ಕಾಮೆಂಟಿನ ತೂಕ ಎಷ್ಟೆಂದು ನೀಲಾಂಬಿಕಾಗೆ ಆಗ ಗೊತ್ತಾಯಿತು. ಅಳು ಬಂತು, ಸಿಟ್ಟು ಅದಕ್ಕಿಂತ ಹೆಚ್ಚು ಬಂತು.

"ನಮ್ದು ಉಳೀತು, ಅವರ್ದು ಹೋಯ್ತು. ಇದೇನ್ ಗೆದ್ದಂಗಾಯ್ತಾ?" ಎಂದಳು ಚಿಗವ್ವ, ಮುದುಕನಿಗೆ ನೀರು ಕುಡಿಸುತ್ತ. "ನೀ ಹೋಗು. ಅದನ್ನ ಬಂದ್ ಮಾಡಸು."

ಆಫೀಸಿಗೆ ಮರಳಿದಾಗ ಪರದೆಯ ಮೇಲೆ ಪರೀಕ್ಷೆಯ ಸಾರಾಂಶ ಬಂದಿತ್ತು. 'ಪರೀಕ್ಷೆ ಯಶಸ್ವಿ. ಫರ್ಸಿ ಓಣಿಯ ನಿವಾಸಿಗಳು ಮನೆಯಲ್ಲಿದ್ದುದನ್ನು ವ್ಯವಸ್ಥೆ ಸರಿಯಾಗಿ ಗುರುತಿಸಿದೆ.' ಅದರ ಕೆಳಗೆ, ಹೆರಿಗೆ ಆಸ್ಪತ್ರೆಯ ಚರ್ಚೆಯಲ್ಲಿ, ಅಂಬಾರಾಯ ಸರ್ ಹೆಸರಿನಲ್ಲಿ ಉತ್ತರವಿತ್ತು: 'ಸಹೋದ್ಯೋಗಿಯ ನೆನಪನ್ನು ಗೌರವಿಸುತ್ತೇನೆ. ಆದರೆ ಇಂಥ ಜಗಳ ನಡೆದದ್ದು ನನಗೆ ತಿಳಿದಿಲ್ಲ. ಆ ತಿದ್ದುಪಡಿ ನನ್ನ ಆಲೋಚನೆ.' ನೀಲಾಂಬಿಕಾ ಅದನ್ನು ಓದಿ ಕುರ್ಚಿಯಲ್ಲಿ ಕುಸಿದಳು. ಮುಗಿಯಿತು ಎಂದು ತಹಸೀನ್ ಪಿಸುಗುಟ್ಟಿದಳು. ಮುಗಿದಿಲ್ಲ ಎಂದಳು ನೀಲಾಂಬಿಕಾ, ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಪರೀಕ್ಷೆಯ ಸಾರಾಂಶದ ಕೆಳಗೆ ಇಸ್ತ್ರಿ ಪೆಟ್ಟಿಗೆಗಳ ಕಥೆಯನ್ನೂ ಕುರ್ಚಿಯಲ್ಲಿ ಬಂದ ಮುದುಕನ ಕಥೆಯನ್ನೂ ಬರೆದು, ಮಡಚಿಕೊಂಡಾಗಲೆಲ್ಲ ಮತ್ತೆ ತೆರೆದಳು.

ಗುರುವಾರ ಬೆಳಗ್ಗೆ ಅಂಬಾರಾಯ ಸರ್ ಬಂದರು. ಗಡ್ಡ ಬೋಳಿಸಿಕೊಂಡಿರಲಿಲ್ಲ. ನೀಲಾಂಬಿಕಾಳ ಮೇಜಿನ ಮುಂದೆ ನಿಂತು, ಅಭ್ಯಾಸಬಲದಿಂದ, ಜನರೇಟರ್ ನೋಡಿಕೊಂಡು ಬರೋಣ ಎಂದರು.

"ಇಲ್ರಿ ಸರ್. ಇಲ್ಲೇ ಮಾತಾಡೋಣು."

ಕಂಟ್ರೋಲ್ ರೂಮು ಕಿವಿಯಾಯಿತು. ಸರ್ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ನಿನ್ನಿ ಅದು ನಾ ಬರದಿದ್ದಲ್ಲ" ಎಂದರು. "ನಾ ಮನ್ಯಾಗ ಕೂತಿದ್ದೆ. ಮಷಿನ್ ಬರದದ. ಆದ್ರ ಓದಿ ನೋಡ್ದೆ. ನಾ ಬರದಿದ್ರೂ ಹಂಗೇ ಬರೀತಿದ್ದೆ, ಒಂದಕ್ಷರ ಫರಕ್ ಇಲ್ಲ. ಅದಕ್ಕ ನಂಗ ನಾಚಿಕಿ ಆಗ್ಯದ."

ಸರ್ ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಆ ಉತ್ತರವನ್ನು ಅಳಿಸಿದರು. ಅದರ ಜಾಗದಲ್ಲಿ ಬರೆದರು: 'ನೀಲಾಂಬಿಕಾ ಒಪ್ಪಿರಲಿಲ್ಲ. ಶೆಡ್ಡಿನಲ್ಲಿ ಜಗಳವಾಯಿತು. ನಾನು ಸೋತೆ. ತಿದ್ದುಪಡಿ ಅವಳದು.' ಆಮೇಲೆ ಮುಂದಿನದು. ಅದರ ಮುಂದಿನದು. ತಹಸೀನಳದು ಬಂದಾಗ ಹುಬ್ಬು ಗಂಟಿಕ್ಕಿ, ಆ ದಿನ ಗೆದ್ದವರು ತಾವಲ್ಲವೇ ಎಂದು ಕೇಳಿದರು. ಹೌದು, ಅದನ್ನೂ ಹಾಗೆಯೇ ಬರೆದಿದ್ದೇನೆ ಎಂದಳು ಅವಳು. ಹಾಗಾದರೆ ಸರಿ ಎಂದು ದೃಢೀಕರಿಸಿದರು. ಹೊರಗೆ ಬಿಸಿಲು ಏರುತ್ತಿತ್ತು. ಹೊಸ ನಿಯಮ ಒಳಗೆ ಸೇರುವ ಹೊತ್ತು ಹತ್ತಿರವಾಗುತ್ತಿತ್ತು.

ಕೊನೆಯ ಚರ್ಚೆ ಮುಗಿದು ಸ್ವಲ್ಪ ಹೊತ್ತಾಯಿತು. ಸಂವಾದಿ ತಾನು ಓದಿದ್ದನ್ನೆಲ್ಲ ಮತ್ತೊಮ್ಮೆ ಓದಿಕೊಳ್ಳುತ್ತಿತ್ತು. ಆಮೇಲೆ ಬೂದಿ ಬಣ್ಣದ ಆ ಕಾಮೆಂಟು ತಾನಾಗಿ ಬಿಚ್ಚಿಕೊಂಡಿತು. ಹಸಿರು ಗುರುತು ಹೋಗಿ ಕೆಂಪು ಬಂತು. 'ನೀಲಾಂಬಿಕಾ ಒಪ್ಪುವುದಿಲ್ಲ. ಚರ್ಚೆ ತೆರೆದಿದೆ.'

ಕಂಟ್ರೋಲ್ ರೂಮು ಕೇಕೆ ಹಾಕಿತು. ಯಾರೋ ಮೇಜು ಬಡಿದರು. ತಹಸೀನ್ ನೀಲಾಂಬಿಕಾಳ ಕುತ್ತಿಗೆಗೆ ಜೋತುಬಿದ್ದಳು. ನೀಲಾಂಬಿಕಾ ಮಾತ್ರ ಪರದೆಯನ್ನೇ ನೋಡುತ್ತಿದ್ದಳು. ಮೊನ್ನೆ ಇದೇ ಯಂತ್ರ ಅವಳ ಬಾಯಲ್ಲಿ ಹೌದು ಇಟ್ಟಿತ್ತು. ಇವತ್ತು ಇಲ್ಲ ಇಟ್ಟಿದೆ. ಬಾಯಿ ಅವಳದು. ಅವಳು ಆ ಕೆಂಪು ಸಾಲನ್ನು ಆರಿಸಿ ಅಳಿಸಿಬಿಟ್ಟಳು.

"ಏನ್ ಮಾಡ್ಲಿಕ್ಕತ್ತೀರಿ ಅಕ್ಕಾ?" ತಹಸೀನ್ ಅವಳ ಕೈ ಹಿಡಿದಳು. "ಕಾಮೆಂಟ್ ಇಲ್ದಿದ್ರ ಅದು ಒಳಗ ಹೋಗ್ತದ."

ನೀಲಾಂಬಿಕಾ ಕೈ ಬಿಡಿಸಿಕೊಂಡು ಬರೆದಳು. 'ನಾನು ಒಪ್ಪಿಲ್ಲ. ಇದನ್ನು ಬರೆಯುತ್ತಿರುವವಳು ನಾನು. ನನ್ನ ಬದಲು ಹೌದು ಅನ್ನಬೇಡ, ಇಲ್ಲ ಅಂತಲೂ ಅನ್ನಬೇಡ. ನಾಳೆ ನನ್ನ ಮನಸ್ಸು ಬದಲಾದರೆ ನಾನೇ ಬಂದು ಹೇಳುತ್ತೇನೆ. ಮನೆಯೊಳಗೆ ಜನ ಇದ್ದಾರೆ.'

ಒತ್ತಿದಳು. ಎಲ್ಲರೂ ಅದು ಮಡಚಿಕೊಳ್ಳುವುದನ್ನು ಕಾಯುತ್ತ ನಿಂತರು. ಅವಳು ಬಾಟಲಿ ಎತ್ತಿ ನೀರು ಕುಡಿದಳು. ಮುಚ್ಚಳ ಹಾಕಿದಳು. ಕಾಮೆಂಟು ಅಲ್ಲೇ ಇತ್ತು.

ಅಂಬಾರಾಯ ಸರ್ ಅವಳ ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡು, ತಮ್ಮ ಹೆಸರಿನಿಂದ ಒಳಬಂದು, ಕೆಳಗೆ ಒಂದು ಸಾಲು ಸೇರಿಸಿದರು: 'ನಾನೂ ಒಪ್ಪಿಲ್ಲ.' ಮಂಡಳಿಯ ಬದಲಾವಣೆಯ ಕೆಳಗೆ ಅವರು ಹಾಗೆ ಬರೆದದ್ದು ಅದೇ ಮೊದಲು. ಆಮೇಲೆ ಉಳಿದವರು ತಾವೂ ಬರೆಯಲು ತಮ್ಮ ತಮ್ಮ ಮೇಜಿಗೆ ಹೋದರು.

ಮಧ್ಯಾಹ್ನವಾಯಿತು. ಹೊಸ ನಿಯಮ ಹೊರಗೇ ಉಳಿಯಿತು, ತಂಪು ಹಳೆಯ ಪಾಳಿಯನ್ನೇ ಎತ್ತಿಕೊಂಡಿತು. ಆ ದಿನದ ಪಾಳಿ ಅಂಬಾರಾಯ ಸರ್ ಇದ್ದ ಕಾಲೊನಿಯದು. ಸರ್ ಅದನ್ನು ನೋಡಿ ನಕ್ಕು, ಕಿಟಕಿಯ ಪರದೆಗಳಿಗೆ ನೀರು ಹೊಡೆದು ಒಳಗಿನ ಕೋಣೆಯಲ್ಲಿ ಕೂರುವಂತೆ ಮನೆಗೆ ಫೋನು ಮಾಡಿದರು.

ನೀಲಾಂಬಿಕಾಳ ಫೋನು ರಿಂಗಾಯಿತು. ಚಿಗವ್ವ. ಹಿಂದಿನಿಂದ ಹೆಂಗಸರ ಗಲಾಟೆ, ಆ ಮುದುಕನ ಕೆಮ್ಮು, ಎಲ್ಲದರ ಮೇಲೆ ಅವಳ ದನಿ.

"ಫ್ಯಾನ್ ತಿರುಗ್ಲಿಕ್ಕತ್ತದ. ಇಸ್ತ್ರಿ ಪೆಟ್ಟಿಗಿ ತಗದಿಡ್ಲೇನು?"

"ತಗದಿಡು ಚಿಗವ್ವ" ಎಂದಳು ನೀಲಾಂಬಿಕಾ.